ನನ್ನ ಮೋಟಾರ್‌ಸೈಕಲ್ಲಿನ ದಾರಿ ಪಾಲಸಿ

ಗಾಡಿ ಅಂದ ಮ್ಯಾಲ ದಾರ್ಯಾಗ ನಿಲ್ಲೋದೇ ರೀ. ಎಲ್ಲಾರ ಗಾಡಿನೂ ನಿಲ್ತಾವ, ಎಲ್ಲಾರೂ ದಬ್ಬಕೊಂಡು ಮನಿಗಿ ಹೋಗ್ತಾರ. ನನ್ನ ಗಾಡಿ ನಿಂತ್ರ ಮಾತ್ರ ಏನರ ಒಂದು ತಮಾಷಾ ಆಗ್ದ ಬಿಡಲ್ಲ. ಇದಕ್ಕ ನಾ ಏನ್ ಮಾಡ್ಲಿ?

ನಂದು ದನದ ದವಾಖಾನಿ ನೌಕರಿ. ದವಾಖಾನಿ ಅಂದ್ರ ಖುರ್ಚಿ ಮ್ಯಾಲ ಕೂಡೋದಲ್ಲ, ಔರಾದ ಕಡಿ ಹಳ್ಳಿ ಹಳ್ಳಿ ತಿರಗಿ ದನಕ್ಕ, ಕುರಿಗಿ ಸೂಜಿ ಹಾಕೋದು. ಮನಿ ಬೀದರದ ಚಿದ್ರಿದಾಗ. ಹಿಂದಿನ ಸೀಟಿಗಿ ಲಸಿಕಿ ಡಬ್ಬಿ ಕಟ್ಕೊಂಡು ಮೋಟಾರ್‌ಸೈಕಲ್ ಮ್ಯಾಲ ಹೋಗ್ತೇನಿ, ಬರ್ತೇನಿ. ಸ್ಕೂಟಿ ಅಲ್ರಿ, ಗೇರಿನ ಮೋಟಾರ್‌ಸೈಕಲ್. "ಹೆಣ್ಮಗಳಾಗಿ ಇದ್ಯಾಕ? ಬಸ್ಸಿಗಿ ಹೋಗಬಾರದೇನು?" ಅಂತ ಕೇಳೋರಿಗಿ ನನ್ನ ಜವಾಬು ಒಂದೇ: ಕುರಿ ಹಿಂಡು ಬಸ್ ಸ್ಟ್ಯಾಂಡಿಗಿ ಬಂದು ಲೈನ್ ಹಚ್ಚತಾವೇನು?

ಈ ಗಾಡಿಗಿ ಮನ್ಯಾಗ ಒಬ್ಬರೇ ದುಶ್ಮನ್, ನಮ್ಮ ಅತ್ತಿ. ಹಳಿ ಗಾಡಿ ಒಮ್ಮೆ ಕೈಕೊಟ್ಟಾಗ ನಾ ಕಬ್ಬಿನ ಟ್ರ್ಯಾಕ್ಟರ್ ಮ್ಯಾಲ ಕೂತು ಮನಿಗಿ ಬಂದಿದ್ದಿನಿ. ಓಣಿ ಮಂದಿ ಎಲ್ಲಾ ನೋಡಿತ್ತು. ಅತ್ತಿ ಬಾಗಿಲದಾಗ ನಿಂತೇ ಫೈಸಲಾ ಕೊಟ್ರು: "ಹೊಸಾದು ತಗೋತೀ, ತಗೋ. ಆದ್ರ ಅದೂ ನಿಂತು, ನೀ ದಿಕ್ಕಿಲ್ದಾಂಗ ದಾರ್ಯಾಗ ಕೂತಿ ಅಂದ್ರ ಗಾಡಿ ಮಾರೋದು, ಬೀದರ ಆಫೀಸಿನ್ಯಾಗ ಟೇಬಲ್ ಕೆಲಸ ಕೇಳ್ಕೊಂಡು ಸುಮ್ನ ಕೂಡೋದು." ನಮ್ಮ ಮನಿಯವರು ಪೇಪರ್ ಅಡ್ಡ ಹಿಡ್ಕೊಂಡ್ರು. ಅವರ ಅಭಿಪ್ರಾಯ ಯಾವಾಗ್ಲೂ ಪೇಪರಿನ ಹಿಂದೇ ಇರ್ತದ.

ಟೇಬಲ್ ಕೆಲಸ! ದಿನಾ ಮುಂಜಾನಿಂದ ಸಂಜಿ ತನಕ ಫೈಲಿಗಿ ಸಿಕ್ಕಾ ಒತ್ತೋದು! ಅದಕಿಂತ ಕುರಿ ಒದಿ ತಿನ್ನೋದು ಎಷ್ಟೋ ವಾಸಿ. ನಾನೂ ಜಿದ್ದಿಗಿ ಬಿದ್ದಿನಿ. ಗಾಡಿ ನಿಂತ್ರೂ ನಾ ದಿಕ್ಕಿಲ್ದಾಕಿ ಅಲ್ಲ ಅಂತ ತೋರಸಬೇಕು, ಅಷ್ಟೇ.

೧. ನಿಮ್ದು ಏನು?

ಹೊಸ ಗಾಡಿ ತಗೊಳ್ಳಾಕ ಬೀದರದ ಶೋರೂಮಿಗಿ ಹೋದಾಗ ಕೌಂಟರ್‌ದಾಂವ ಒಂದು ಕಾಗದ ಮುಂದಿಟ್ಟ. "ಮೇಡಂ, ಇದು ರೋಡ್ ಸೈಡ್ ಅಸಿಸ್ಟೆನ್ಸ್. ಗಾಡಿ ಎಲ್ಲೇ ನಿಲ್ಲಲಿ, ಒಂದು ಫೋನ್ ಹಚ್ರಿ, ನಮ್ಮ ಮಂದಿ ಓಡಿ ಬರ್ತಾರ. ಇಲ್ಲಿ ಸಹಿ ಮಾಡ್ರಿ."

ದೇವರೇ ಕಳಿಸಿದಾಂಗ ಆಯ್ತು ನನಗ. ಆದ್ರ ಓದ್ದ ಸಹಿ ಮಾಡೋ ಮಗಳಲ್ಲ ನಾ. ಬರದದ್ದೆಲ್ಲಾ ಇರವಿ ಕಾಲಿನಷ್ಟು ಸಣ್ಣ ಅಕ್ಷರ. ಖುರ್ಚಿ ಎಳಕೊಂಡು ಕೂತು ಒಂದೊಂದೇ ಕೇಳಿನಿ. ಹಿಂದ ನಿಂತ ಗಿರಾಕಿಗೋಳು ಕೆಮ್ಮಿದ್ರು. ಕೆಮ್ಮಲಿ ಅಂದಿನಿ.

"ಪೆಟ್ರೋಲ್ ಮುಗದ್ರ?"

"ತಂದು ಕೊಡ್ತೇವಿ ಮೇಡಂ."

"ಪೆಟ್ರೋಲಿನ ರೊಕ್ಕ?"

"ಅದು ನಿಮ್ದು."

"ಪಂಕ್ಚರ್ ಆದ್ರ?"

"ಮಾಡಿ ಕೊಡ್ತೇವಿ. ಟ್ಯೂಬ್ ಹೋಗಿದ್ರ ಟ್ಯೂಬ್ ನಿಮ್ದು."

"ಬ್ಯಾಟರಿ ಕೂತ್ರ?"

"ಚಾಲೂ ಮಾಡಿ ಕೊಡ್ತೇವಿ. ಹೊಸ ಬ್ಯಾಟರಿ ಬೇಕಂದ್ರ ಅದೂ ನಿಮ್ದು."

"ಗಾಡಿ ಲಾರಿ ಮ್ಯಾಲ ಎತ್ಕೊಂಡು ಹೋದ್ರ?"

"ಹತ್ರದ ವರ್ಕ್‌ಶಾಪ್ ತನಕ ನಮ್ದು. ಅದರ ಆಚಿ ನಿಮ್ದು."

ನನಗ ತಲಿ ಕೆಟ್ಟುಹೋಯ್ತು. "ಎಲ್ಲಾ ನಂದೇ ಅಂದ ಮ್ಯಾಲ ನಿಮ್ದು ಏನ್ರೀ?"

ಆಂವ ಎದಿ ಮುಟ್ಕೊಂಡು ಬಹಳ ನಯಾವಾಗಿ ಹೇಳ್ದ: "ಬರೋದು ನಮ್ದು ಮೇಡಂ."

೨. ಎರಡು ರಾಜ್ಯದ ನಡುವ

ಮೊದಲನೇ ಸಲ ಗಾಡಿ ನಿಂತದ್ದು ಎಕಂಬಾ ದಾಟಿ, ಹೊಲದ ನಡುವ. ಒಬ್ಬ ಅಜ್ಜನ ಕುರಿ ಹಿಂಡಿಗಿ ಸೂಜಿ ಹಾಕ್ಲಾಕ ಹೊಂಟಿದ್ದಿನಿ. ಎದುರಿಗೇ ಹಿಂಡು ಕಾಣ್ಲತ್ತಿತ್ತು, ಅಷ್ಟ್ರಾಗ ಗಾಡಿ ಎರಡು ಸಲ ಸೀನಿ ಬಂದ್ ಆಯ್ತು. ಕಿಕ್ ಹೊಡ್ದು ಹೊಡ್ದು ಕಾಲು ನೋವಾಯ್ತು, ಗಾಡಿಗಿ ಏನೂ ಆಗ್ಲಿಲ್ಲ. ಖುಷಿಲಿಂದ ಫೋನ್ ತೆಗದಿನಿ. ಖರೇನ ಖುಷಿ ಆಗಿತ್ರಿ, ಪಾಲಸಿ ಉಪಯೋಗಕ್ಕ ಬಂತಲ್ಲ ಅಂತ.

ಆ ಕಡಿಂದ ಒಬ್ಬ ಹುಡುಗಿ, ಬೆಂಗಳೂರಿನ ಸಕ್ರಿ ಹಚ್ಚಿದ ಕನ್ನಡ. "ಮೇಡಂ, ಹತ್ತಿರದಲ್ಲಿ ಏನಾದರೂ ಗುರುತು ಇದೆಯಾ? ಹೋಟೆಲ್, ಬ್ಯಾಂಕ್, ಪೆಟ್ರೋಲ್ ಬಂಕ್?"

"ಒಂದು ಬೇವಿನ ಗಿಡ ಅದ. ಗಿಡದ ಬುಡಕ ನೂರು ಕುರಿ ಅವ."

"ಕುರಿಗಳು ಅಲ್ಲೇ ಇರ್ತವಾ ಮೇಡಂ?"

"ನಾ ಸೂಜಿ ಹಾಕೋ ತನಕ ಇರ್ತಾವ. ಆಮ್ಯಾಲ ನನ್ನ ಮುಖ ಸುದ್ದಾ ನೋಡಲ್ಲ."

ಆಕಿ ಏನೋ ಒತ್ತಿ ನೋಡಿ, "ಮೇಡಂ, ನಿಮ್ಮ ಲೊಕೇಶನ್ ಮಹಾರಾಷ್ಟ್ರ ತೋರಿಸ್ತಿದೆ. ಅಲ್ಲಿನ ತಂಡಕ್ಕೆ ಕೊಡ್ತೀನಿ" ಅಂದ್ಳು. ಗಡಿ ಹಳ್ಳಿದಾಗ ಫೋನು ಆ ಕಡಿ ಟಾವರ್ ಹಿಡಿತದ, ಅದಕ್ಕ ನಾನು ಆ ಕಡಿದಾಕಿ ಆಗ್ತೇನೇನು? ಹೇಳೋದ್ರೊಳಗ ಟುಂಯ್ ಟುಂಯ್ ಹಾಡು ಶುರು ಆಯ್ತು.

ಹಾಡು ಮುಗದು ಒಬ್ಬಾಂವ ಮರಾಠಿದಾಗ ಮಾತಾಡ್ದ. ನಾನೂ ಮರಾಠಿದಾಗೇ ಶುರು ಮಾಡಿನಿ. ನಮಗೇನು, ಕನ್ನಡ, ಮರಾಠಿ, ಉರ್ದು, ಯಾವುದ್ರಾಗ ಬೇಕಾದ್ರೂ ಜಗಳಾಡ್ತೇವಿ. ಆಂವ ಎಲ್ಲಾ ಕೇಳ್ಕೊಂಡು, "ಗಾಡಿ ನಂಬರ್ ಕರ್ನಾಟಕದ್ದು ಅದ, ಊರೂ ಕರ್ನಾಟಕದ್ದು ಅದ ತಾಯೀ" ಅಂದು ಮತ್ತ ಬೆಂಗಳೂರಿಗಿ ದಾಟಸಿದ. ಮತ್ತ ಅದೇ ಹಾಡು. ಬೆಂಗಳೂರು ಮತ್ತ ಆ ಕಡಿ ದಬ್ಬಿತು. ಎರಡೂ ರಾಜ್ಯ ಕೂಡಿ ನನ್ನ ಗಾಡಿ ತಮಗ ಬ್ಯಾಡ ಅಂದ್ವು.

ಅಷ್ಟ್ರಾಗ ಕುರಿ ಅಜ್ಜ ಕಂಬಳಿ ಝಾಡಿಸ್ಕೋತ ಬಂದ. "ಯಾರಿಗಿ ಬೈಲತ್ತೀ ಮಗಳಾ?" ಅಂತ ಕೇಳ್ದ, ಪ್ಲಗ್ ಬಿಚ್ಚಿಸಿದ, ತನ್ನ ಧೋತ್ರದ ತುದಿಲೆ ಒರಸಿ ಹಾಕ್ದ. ಒಂದೇ ಕಿಕ್ಕಿಗಿ ಚಾಲೂ. ಕುರಿಗಿ ಸೂಜಿ ಹಾಕಿ, ಹೊತ್ತಿಗಿ ಬರೋಬ್ಬರಿ ಮನಿ ಮುಟ್ಟಿನಿ. ಅತ್ತಿಗಿ ಸುಳಿವೂ ಸಿಗ್ಲಿಲ್ಲ.

ಮರುದಿನ ಕಂಪನಿ ಫೋನ್ ಬಂತು: "ಮೇಡಂ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡ್ತೀರಾ?"

"ಯಾವ ರಾಜ್ಯದ್ದು ಕೇಳ್ಲತ್ತೀರಿ?" ಅಂದಿನಿ. "ಎರಡಕ್ಕೂ ಸೊನ್ನಿ ಬರ್ಕೋರಿ, ಜಗಳ ಬ್ಯಾಡ."

೩. ಕೂಡ್ಲಾಕ ಬಿಡದ ಊರು

ಎರಡನೇ ಸಲ ಜನವಾಡ ಹತ್ರ ಹಿಂದಿನ ಗಾಲಿ ಪಂಕ್ಚರ್. ಈ ಸಲ ಬೀದರ ಸಮೀಪ, ಯಾವ ರಾಜ್ಯದ ತಕರಾರೂ ಇಲ್ಲ. ಫೋನಿನ್ಯಾಗ ತಾಕೀತು ಮಾಡಿದ್ರು: "ಒಂದು ಗಂಟೆಯಲ್ಲಿ ಬರ್ತೀವಿ. ನೀವು ಗಾಡಿ ಹತ್ತಿರಾನೇ ಇರಬೇಕು. ಬೇರೆ ಯಾರೂ ಬಿಚ್ಚಬಾರದು. ಬಿಚ್ಚಿದರೆ ಪಾಲಿಸಿ ಅನ್ವಯ ಆಗಲ್ಲ."

ಭೇಷ್ ಅಂತ ಒಂದು ಕಲ್ಲಿನ ಮ್ಯಾಲ ಕೂತಿನಿ. ಆದ್ರ ಈ ನಿಯಮ ಬರದಾಂವ ನಮ್ಮ ಕಡಿ ಊರು ನೋಡಿಲ್ರಿ. ಇಲ್ಲಿ ಗಾಡಿ ನಿಲ್ಲಸಿಕೊಂಡು ಒಂದು ಮನಷ್ಯಾ ಕೂತದ ಅಂದ್ರ ಯಾರೂ ಸುಮ್ನ ಹಾದುಹೋಗಲ್ಲ.

ಮೊದಲ ಒಬ್ಬ ಬೈಕಿನಾಂವ ನಿಂತ. "ಅಕ್ಕಾ, ನೀವು ಸುಮ್ನ ಹ್ಯಾಂಡಲ್ ಹಿಡ್ಕೊಂಡು ಕೂಡ್ರಿ, ಹಿಂದಿಂದ ಕಾಲ್ಲೆ ದಬ್ಕೋತ ಒಯ್ತೇನಿ."

"ಬ್ಯಾಡಪ್ಪಾ, ಕಂಪನಿಯವ್ರು ಬರ್ತಾರ."

ಎರಡನೇದಾಂವ ಬೋಲ್ಟ್ ಬಿಚ್ಚೋ ಪಾನಾ ಹಿಡ್ಕೊಂಡೇ ಇಳದ. ಅವನಿಗೂ ಬ್ಯಾಡ ಅಂದಿನಿ. ಮೂರನೇದಾಂವ ಟಂಟಂ ಆಟೋ ನಿಲ್ಲಸಿ, ಗಾಡಿ ಒಳಗ ಹಾಕ್ತೇನಿ ಅಂದ. ಅವನಿಗೂ ಕೈ ಮುಗದಿನಿ. ಹತ್ತು ಮಂದಿ ಕೂಡಿದ್ರು. ನಾ ಜಪ್ಪಯ್ಯ ಅಂದ್ರೂ ಏಳವಲ್ಲೆ, ಅವರು ಜಪ್ಪಯ್ಯ ಅಂದ್ರೂ ಹೋಗವಲ್ರು.

ಅಲ್ಲೇ ಮನಿ ಇದ್ದ ಒಬ್ಬಾಕಿ ಆಯಿ ಬಂದು ನನ್ನ ಗದ್ದ ಹಿಡ್ದು ಮೆಲ್ಲಕ ಕೇಳಿದ್ಳು: "ಗಂಡನ ಕೂಡ ಜಗಳ ತಗದು ಬಂದೀಯೇನ ನನ ತಂಗಿ? ಇಲ್ಲಂದ್ರ ಇಷ್ಟು ಮಂದಿ ಕರದ್ರೂ ಯಾಕ ಏಳವಲ್ಲಿ?"

"ಇಲ್ಲ ಆಯಿ, ಪಾಲಸಿ ಅದ."

"ಅಯ್ಯೋ, ಪಾಲಸಿ ಸಲುವಾಗಿ ಜಗಳೇನು? ನಡಿ, ಮೊದಲ ರೊಟ್ಟಿ ತಿನ್ನು."

ಕೈ ಹಿಡ್ದು ಎಳಕೊಂಡೇ ಹೋದ್ಳು. ಬಿಸಿ ರೊಟ್ಟಿ, ಪುಂಡಿಪಲ್ಯಾ. ಸುಳ್ಳ್ಯಾಕ ಹೇಳ್ಲಿ, ಎರಡು ರೊಟ್ಟಿ ತಿಂದಿನಿ. ಕೈ ತೊಳಕೊಂಡು ಹೊರಗ ಬಂದು ನೋಡ್ತೇನಿ, ಗಾಲಿ ಬಿಚ್ಚಿ, ಪಂಕ್ಚರ್ ತಗಸಿ, ತಿರಗಿ ಕೂಡಿಸಿ, ಗಾಡಿ ಒರಸಿ ಬ್ಯಾರೆ ಇಟ್ಟಾರ! ಹತ್ತೂ ಮಂದಿ ಸಾಲಾಗಿ ನಿಂತು ನನ್ನ ಮುಖಾನೇ ನೋಡ್ಲತ್ತಿದ್ರು. ಬೈಬೇಕೋ ಕೈ ಮುಗಿಬೇಕೋ ತಿಳೀಲಿಲ್ಲ.

ಆಗ ಬಂದ್ರಿ ಕಂಪನಿ ಮೆಕ್ಯಾನಿಕ್. ಗಾಲಿ ಒತ್ತಿ ನೋಡ್ದ. "ಪಂಕ್ಚರ್ ಎಲ್ಲದ ಮೇಡಂ?"

"ಇವರು ತಗಸ್ಯಾರ."

ಪಾಪ, ಆಂವ ತಲಿ ಮ್ಯಾಲ ಕೈ ಇಟ್ಕೊಂಡ. "ಹಿಂಗ ಮಾಡಿದ್ರ ಹ್ಯಾಂಗ್ರಿ? ಗಾಳಿ ಹೋದ ಗಾಲಿ ಫೋಟೋ ಹಾಕ್ದ ನನ್ನ ಕೇಸು ಮುಚ್ಚಲ್ಲ. ಇಲ್ಲಿ ತನಕ ಬಂದದ್ದು ಎಲ್ಲಾ ದಂಡ."

ಟಂಟಂನಾಂವ ಮುಂದ ಬಂದ. ಆಂವ ಮೆಕ್ಯಾನಿಕ್‌ನ ಹೆಗಲ ಮ್ಯಾಲ ಕೈ ಇಟ್ಟು ಹೇಳ್ದ: "ಇಷ್ಟಕ್ಕ ಯಾಕ ಪರೇಶಾನ್ ಆಗ್ತೀರಿ ಅಣ್ಣಾ? ನಿಂದರ್ರಿ, ಒಂದು ಕಬ್ಬಿಣದ ಮೊಳಿ ತರ್ತೇನಿ."

೪. ಭಾಲ್ಕಿ ಮೆರವಣಿಗಿ

ಜನವಾಡದ ಸುದ್ದಿ ನನಕಿಂತ ಮೊದಲ ಮನಿ ಮುಟ್ಟಿತ್ತು. "ನಿಮ್ಮ ಸೊಸಿ ದಾರ್ಯಾಗ ಕೂತಾಳ, ಎಬ್ಬಿಸಿದ್ರ ಏಳವಲ್ಲಳು" ಅಂತ ಯಾರೋ ಪುಣ್ಯಾತ್ಮರು ಫೋನ್ ಹಚ್ಚಿದ್ರು. ಅತ್ತಿ ಬಾಗಿಲದಾಗೇ ಕಾಯ್ಲತ್ತಿದ್ರು.

"ದಿಕ್ಕಿಲ್ದ ಕೂತಿಲ್ಲ ಅತ್ತೀ, ಹಕ್ಕು ಅದ ಅಂತ ಕೂತಿದ್ದಿನಿ" ಅಂದಿನಿ.

"ಆ ಹಕ್ಕು ನನ್ನ ಕಣ್ಣಿಗಿ ಕಾಣಬೇಕು. ಇನ್ನೊಂದೇ ಸಲ ನೋಡ್ತೇನಿ, ಆಮ್ಯಾಲ ಗಾಡಿ ಮಾರೋದೇ."

ಮುಂದಿನ ಐತವಾರ ಭಾಲ್ಕಿದಾಗ ಅವರ ತಂಗಿ ಮನ್ಯಾಗ ತೊಟ್ಟಿಲ ಕಾರ್ಯ. ಅತ್ತಿ ಇಳಕಲ್ ಸೀರಿ ಉಟ್ಟು, ಒಂದೂ ಮಾತಾಡ್ದ ನನ್ನ ಹಿಂದ ಹತ್ತಿ ಕೂತ್ರು. ಪರೀಕ್ಷಾ ತಗೊಳ್ಳಾಕೇ ಬಂದಾರ ಅಂತ ನನಗ ತಿಳದಿತ್ತು. ಬೀದರದಿಂದ ಅಷ್ಟು ದೂರ ಗಾಡಿ ಹೂವಿನಾಂಗ ಓಡಿತು. ಭಾಲ್ಕಿ ಎರಡು ಕಿಲೋಮೀಟರ್ ಉಳದಿತ್ತು ನೋಡ್ರಿ, ಕಟಕ್ ಅಂತು. ಚೈನ್ ತುಂಡಾಗಿ ಡಾಂಬರದ ಮ್ಯಾಲ ಹಾವಿನಾಂಗ ಬಿದ್ದಿತ್ತು.

ಅತ್ತಿ ಇಳದ್ರು, ಚೈನ್ ನೋಡಿದ್ರು, ನನ್ನ ನೋಡಿದ್ರು. "ಮಾರು" ಅಂದ್ರು.

ಟೇಬಲ್, ಫೈಲ್, ಸಿಕ್ಕಾ ಎಲ್ಲಾ ಕಣ್ಣ ಮುಂದ ಬಂದ್ವು. ಫೋನ್ ಹಚ್ಚಿದಿನಿ. ಮುಕ್ಕಾಲು ಗಂಟೆ ಅಂದ್ರು. ಮುಕ್ಕಾಲು ಆಯ್ತು, ಒಂದೂ ಆಯ್ತು, ಯಾರೂ ಬರಲಿಲ್ಲ. ನಾ ಸೋತಿನಿ ಅಂತ ಒಪ್ಕೊಳ್ಳಾಕೇ ಬಾಯಿ ತೆಗದಿದ್ದಿನಿ.

ಆಗ ಬಿಳಿ ಅಂಗಿದ ಒಬ್ಬ ದೊಡ್ಡ ಮನಷ್ಯಾ ಬೈಕ್ ನಿಲ್ಲಸಿ, ಎಲ್ಲಾ ಕೇಳ್ಕೊಂಡು ಉಪದೇಶ ಶುರು ಮಾಡ್ದ. "ಯಾವ ಕಂಪನಿ ಬರ್ತದಬೇ? ಎಲ್ಲಾ ಮೋಸ. ಹೆಣ್ಮಕ್ಕಳಿಗಿ ಈ ಕಾಗದ ಗೀಗದ ತಿಳಿಯಲ್ಲ. ಗಾಡಿ ಮಾರಿ ಸುಮ್ನ ಬಸ್ಸಿಗಿ ಅಡ್ಡ್ಯಾಡ್ಲಾಕ ಹೇಳ್ರಿ ನಿಮ್ಮ ಸೊಸಿಗಿ."

ಇಷ್ಟು ದಿನ ಅತ್ತಿ ಹೇಳಿದ್ದೂ ಅದೇ ಮಾತು. ಆದ್ರ ಅವರ ಮಾತು ಮತ್ತೊಬ್ಬರ ಬಾಯಾಗ ಕೇಳಿ ಅವರಿಗಿ ಮೈಯೆಲ್ಲಾ ಉರದುಹೋಯ್ತು. ಸೆರಗು ಟೊಂಕಕ್ಕ ಸಿಗಿಸಿದ್ರು. "ನನ್ನ ಸೊಸಿಗಿ ಬೈಲಾಕ ನಾ ಗಟ್ಟಿಮುಟ್ಟಿ ಇದ್ದೇನಿ. ನೀ ಯಾರಲೇ ನಡುವ? ಆಕಿ ಪ್ರತಿ ಅಕ್ಷರ ಓದಿ ಸಹಿ ಮಾಡ್ಯಾಳ. ನೀ ಓದೀಯೇನು ನಿಂದು?"

ಆಂವ ಬೈಕ್ ಚಾಲೂ ಮಾಡೋದೂ ಮರತು ದಬ್ಕೋತ ಹೋದ. ಅತ್ತಿ ನನ್ನ ಕೈಲಿಂದ ಫೋನ್ ಕಸಗೊಂಡು ಮತ್ತ ಕಂಪನಿಗಿ ಹಚ್ಚಿದ್ರು.

"ಯಾರು ಮಾತಾಡ್ತಿರೋದು?" ಅಂದ್ಳು ಆ ಕಡಿದ ಹುಡುಗಿ.

"ಗಾಡಿ ಮಾಲಕಿನ ಅತ್ತಿ."

"ಅಮ್ಮ, ಪಾಲಿಸಿಯಲ್ಲಿ ನಿಮ್ಮ ಹೆಸರಿಲ್ಲ."

"ರೇಷನ್ ಕಾರ್ಡಿನ್ಯಾಗ ನಂದೇ ಮೊದಲ ಹೆಸರು ಅದ, ತೆಗದು ನೋಡು. ಗಾಡಿ ಬರೋ ತನಕ ನಾ ಫೋನ್ ಇಡಲ್ಲ. ನಿನ್ನ ಊಟ ಆಯ್ತೇನು? ಇಲ್ಲಾ? ಹಂಗಾದ್ರ ಇಬ್ಬರೂ ಉಪಾಸ ಕೂಡೋಣು."

ಹತ್ತು ನಿಮಿಷದಾಗ ಬಂತ್ರಿ ಕಂಪನಿದು ಸಣ್ಣ ಲಾರಿ! ಮೆಕ್ಯಾನಿಕ್ ಇಳದ, ಆಂವ, ಡ್ರೈವರ್ ಇಬ್ಬರೂ ಕೂಡಿ ಗಾಡಿ ಮ್ಯಾಲ ಹತ್ತಿಸಿ ಹಗ್ಗ ಬಿಗದ್ರು. ಅತ್ತಿ ಕ್ಯಾಬಿನ್ ಬಾಗಲಾ ತೆಗಿಲಾಕ ಹೋದ್ರು. ಡ್ರೈವರ್ ಅಡ್ಡ ಬಂದ. "ಇಲ್ಲ ಅಮ್ಮಾ, ಗಾಡಿ ಅಷ್ಟೇ ಒಯ್ತೇವಿ. ಮನಷ್ಯಾರಿಗಿ ಪಾಲಸಿ ಇಲ್ಲ."

ಅತ್ತಿ ಹಿಂದಿನಿಂದ ಲಾರಿ ಹತ್ತಿ, ಸೀದಾ ನನ್ನ ಮೋಟಾರ್‌ಸೈಕಲ್ ಮ್ಯಾಲ ಕೂತು ಹ್ಯಾಂಡಲ್ ಹಿಡ್ಕೊಂಡ್ರು. "ಈಗ ಒಯ್ಯಿ. ಗಾಡಿ ಮ್ಯಾಲಿನ ಸಾಮಾನು ಅಂತ ಬರ್ಕೋ."

"ಬಿದ್ರ ನನ್ನ ನೌಕರಿ ಹೋಗ್ತದ ಅಮ್ಮಾ!"

"ಬಂಡಿ ಮ್ಯಾಲ ನಿಂತು ಎತ್ತು ಹೊಡದಾಕಿ ನಾ. ಸಾವಕಾಶ ನಡಸು. ಮೊದಲ ತೊಟ್ಟಿಲ ಮನಿ, ಆಮ್ಯಾಲ ವರ್ಕ್‌ಶಾಪ್."

ನಾನೂ ಹತ್ತಿ ಅವರ ನಡ ಗಟ್ಟಿ ಹಿಡ್ಕೊಂಡಿನಿ. ಲಾರಿ ನಡಿಯೋ ಮನಷ್ಯಾನಕಿಂತ ಮೆಲ್ಲಕ ಹೊಂಟಿತು. ಭಾಲ್ಕಿ ಪ್ಯಾಟ್ಯಾಗ ಮಂದಿ ಅಂಗಡಿ ಬಿಟ್ಟು ಹೊರಗ ಬಂದು ನಿಂತ್ರು. ಯಾರೋ ಒಬ್ಬರು ಏನೂ ತಿಳೀದೇ ಚಪ್ಪಾಳಿ ಹೊಡ್ದ್ರು, ಅತ್ತಿ ಅವರಿಗಿ ಕೈ ಎತ್ತಿ ನಮಸ್ಕಾರ ಮಾಡಿದ್ರು. ತೊಟ್ಟಿಲ ಮನಿ ಮುಂದ ಹೆಣ್ಮಕ್ಕಳೆಲ್ಲಾ ಕೂಸಿನ ಬಿಟ್ಟು ಲಾರಿ ನೋಡ್ಲಾಕ ಬಂದ್ರು. "ನಮ್ಮ ಸೊಸಿದು ಪಾಲಸಿ ಅದ" ಅಂತ ಅತ್ತಿ ಮ್ಯಾಲಿಂದೇ ಸಾರಿದ್ರು.

ಸಂಜಿಗಿ ಗಾಡಿ ರಿಪೇರಿ ಆಗಿ ಬಂತು. ಹೊಸ ಚೈನ್ ನಂದೇ ಅನ್ರಿ. ನಾ ಅಂಜಕೋತ ಕೇಳಿನಿ: "ಅತ್ತೀ, ಮತ್ತ ಗಾಡಿ ಮಾರೋದು?"

"ಹುಚ್ಚಿ ಇದ್ದೀಯೇನು? ಆ ಲಾರಿಯಾಂವಗ ಕೇಳೀನಿ, ವರ್ಷಕ್ಕ ನಾಕು ಸಲ ಎತ್ಕೊಂಡು ಹೋಗ್ತಾರಂತ. ಒಂದು ಆಯ್ತು. ಉಳದ ಮೂರು ಸುಮ್ನ ಕಂಪನಿಗಿ ಬಿಡ್ಲೇನು?" ಅಂದು, ಹಿಂದಿನ ಸೀಟಿನ ಮ್ಯಾಲ ಸೀರಿ ಸರಿಮಾಡ್ಕೊಂಡು ಕೂತ್ರು. "ಔರಾದದಾಗ ನಮ್ಮ ಅಣ್ಣ-ವೈನಿ ಮನಿ ಅದಲ್ಲ, ಮುಂದಿನ ಸಲ ಬರೋಬ್ಬರಿ ಅದರ ಎರಡು ಕಿಲೋಮೀಟರ್ ಮೊದಲ ನಿಲ್ಲಸು."