ಪಕ್ಕದ ಮನೆಗೆ ಮುಖ ಮಾಡಿದ ಸೂರ್ಯಕಾಂತಿ

ಮಾವನ ಮನೆಗೆ ಬರೆಯುವ ಕಾಗದದಲ್ಲಿ ಬಡಾಯಿ ಕೊಚ್ಚಬಾರದು ಎಂದು ಹಿರಿಯರು ಹೇಳಿದ್ದಾರೋ ಇಲ್ಲವೋ ತಿಳಿಯದು. ಹೇಳಿರದಿದ್ದರೆ ನಾನು ಹೇಳುತ್ತೇನೆ. ಧಾರವಾಡದಿಂದ ಪುಣೆಗೆ ರೈಲಿದೆ, ಮಾವನಿಗೆ ಬಿಡುವಿದೆ. ನಾನು ಪುಣೆಯಲ್ಲಿ ಒಬ್ಬ ಕಚೇರಿ ಗುಮಾಸ್ತ. ದಂಡಿನ ಸಾಹೇಬರ ಬಂಗಲೆಯ ಮಾಲಿಯಿಂದ ಸೂರ್ಯಕಾಂತಿ ಬೀಜ ಬೇಡಿ ತಂದು ಹಿತ್ತಲಲ್ಲಿ ಊರಿದ್ದೆ. ಇರುವೆಗಳ ಪಾಲು ಹೋಗಿ ಉಳಿದ ಒಂದೇ ಬೀಜ ನನಗಿಂತ ಎತ್ತರ ಬೆಳೆದು, ಊಟದ ತಾಟಿನಷ್ಟು ದೊಡ್ಡ ಹೂ ಬಿಟ್ಟಿತು. ಜನ್ಮದಲ್ಲಿ ತುಳಸಿಯನ್ನೂ ಬಾಳಿಸದವನಿಗೆ ಇದು ಸಣ್ಣ ಮಾತೇ? ಹೆಮ್ಮೆ ತಡೆಯಲಾಗಲಿಲ್ಲ, ಬರೆದೆ. ಮಾವ ಹತ್ತಿ, ಜೋಳ ಬೆಳೆದವರು. ಮದುವೆಯಲ್ಲೇ ನನ್ನ ಅಂಗೈ ಮುಟ್ಟಿ ನೋಡಿ, ಈ ಕೈಯಲ್ಲಿ ಹುಲ್ಲುಕಡ್ಡಿಯೂ ಚಿಗುರದು ಎಂದು ತೀರ್ಪು ಕೊಟ್ಟಿದ್ದರು.

ಬರೆಯದೆ ಬಿಟ್ಟ ಸಂಗತಿಗಳೂ ಇದ್ದವು. ಗಿಡದ ಎಲೆಗಳ ಮೇಲೆ ಕಪ್ಪು ಚುಕ್ಕೆ ಎದ್ದಿದ್ದವು. ಸಾಸಿವೆಯಷ್ಟಿದ್ದವು ಕಡಲೆಯಷ್ಟಾಗಿ, ಕೆಳಗಿನ ಎಲೆಗಳಿಂದ ಮೇಲಕ್ಕೆ ಹತ್ತುತ್ತಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದೆ, ಬೂದಿ ಎರಚಿದೆ. ಹೆಂಡತಿ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ, ಮನೆಮಂದಿಯೆಲ್ಲ ಕೆಮ್ಮಿದೆವು. ಇನ್ನು ಹೂವೋ, ಮೂಡಲಿಗೆ ತಿರುಗಿ, ಗೋಡೆಯಾಚೆ ಪಕ್ಕದ ಮನೆಯ ಮರಾಠಿ ಹೆಂಗಸು ಗೋದಾಕಾಕೂ ಅವರ ಅಂಗಳಕ್ಕೆ ಮುಖ ಮಾಡಿ ನಿಂತಿತ್ತು. ಗಿಡ ನನ್ನದು, ನೀರು ನನ್ನದು, ಮುಖ ಮಾತ್ರ ಅವರದು. ಚುಕ್ಕೆಬಿದ್ದ ಎಲೆಗಳನ್ನು ಗೋಡೆ ಮರೆಮಾಡಿದ್ದರಿಂದ, ಬಂದವರಿಗೆಲ್ಲ ಅವರು ಮರಾಠಿಯಲ್ಲಿ ‘ನಮ್ಮ ಹೂವು’ ಎಂದೇ ತೋರಿಸುತ್ತಿದ್ದರು.

ಕಾಗದ ಓದಿ ರೈಲು ಹತ್ತಿದ ಮಾವ ಬಂದವರೇ ಕಾಲು ತೊಳೆದು ನೇರ ಹಿತ್ತಲಿಗೆ ನಡೆದರು. ಚುಕ್ಕೆಗಳ ಮುಂದೆ ಧೋತರ ಹರವಿಕೊಂಡು ನಿಂತೆ. ನನ್ನನ್ನು ಮೆಲ್ಲಗೆ ಸರಿಸಿ ಎಲೆ ನೋಡಿದರು, ಹೂವಿನ ಬೆನ್ನು ನೋಡಿದರು. ಹೂವಿನ ಮುಖ ತೋರಿಸಲೆಂದು ಅವರನ್ನು ಪಕ್ಕದ ಅಂಗಳಕ್ಕೆ ಕರೆದೊಯ್ದೆ. ಅಲ್ಲಿ ಹೂವು ಕಂಡದ್ದೇ ಮಾವನ ಮುಖ ಅರಳಿತು. ಗೋದಾಕಾಕೂಗೆ ಕೈ ಮುಗಿದು, ಎಂಥ ಕೈಗುಣ ತಾಯಿ ನಿಮ್ಮದು ಎಂದು ಕನ್ನಡದಲ್ಲಿ ಹೊಗಳಿದರು. ಭಾಷೆ ಬಾರದ ಕಾಕೂ ಎಲ್ಲದಕ್ಕೂ ನಕ್ಕು ತಲೆಯಾಡಿಸಿದರು. ನಾನು ನಡುವೆ ಬಂದು, ಅದು ನನ್ನ ಹೂವು ಎಂದೆ.

“ಅಳಿಯದೇವ್ರ, ನಿಮ್ಮ ಗಿಡಾ ಈಗರ ನೋಡಿ ಬಂದೀನ್ರಿ,” ಎಂದರು ಮಾವ. “ಅಂಥಾ ರೋಗದ ಗಿಡದಾಗ ಇಂಥಾ ಹೂ ಹ್ಯಾಂಗ ಬರ್ತದ?”

ನನ್ನ ಮರ್ಯಾದೆ ಈಗ ಆ ಗೋಡೆಯ ಮೇಲೆ ನಿಂತಿತ್ತು. ಅದರ ಮೇಲೆ ಬಾಗಿ, ಆಚೆಯಿಂದ ಚುಕ್ಕೆ ತುಂಬಿದ ಎಲೆಯೊಂದನ್ನು ಎತ್ತಿ ಹಿಡಿದೆ. ಅಷ್ಟು ದಿನ ಮುಚ್ಚಿಟ್ಟ ಚುಕ್ಕೆಗಳನ್ನು ಅಂದು, ಮಗಳ ಮದುವೆಯ ಒಡವೆ ತೋರಿಸುವವನಂತೆ, ಒಂದೊಂದಾಗಿ ತೋರಿಸಿದೆ. ಇದು ನನ್ನದು, ಇದೂ ನನ್ನದು, ಈ ದೊಡ್ಡದಂತೂ ನಿನ್ನೆಯಷ್ಟೇ ಆದದ್ದು. ಕಾಕೂ ಬೆರಗಾಗಿ ನೋಡುತ್ತ ನಿಂತರು. ಮಾವ ಎಲೆಯಿಂದ ದಂಟಿಗೆ, ದಂಟಿನಿಂದ ಹೂವಿಗೆ ಬೆರಳು ಹಾಯಿಸಿದರು. ಒಂದೇ ಗಿಡವೆಂದು ಖಾತ್ರಿಯಾಯಿತು. ನಾನು ಎದೆಯುಬ್ಬಿಸಿ ನಿಂತೆ.

“ಇಷ್ಟೆಲ್ಲಾ ತಡಕೊಂಡೂ ಇಂಥಾ ಹೂ ಬಿಟ್ಟದ ಅಂದ್ರ, ಭಾಳ ಗಟ್ಟಿ ಗಿಡಾ ಬಿಡ್ರಿ,” ಎಂದರು ಮಾವ.

ಮನೆಗೆ ಬಂದು, ನಿಮ್ಮಪ್ಪ ಇವತ್ತು ಬಾಯ್ತುಂಬ ಹೊಗಳಿದರು, ‘ಭಾಳ ಗಟ್ಟಿ’ ಅಂದರು ಎಂದು ಹೆಂಡತಿಗೆ ಹೇಳಿದೆ. ಯಾರನ್ನು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.