ನೀರಿಗಿಳಿದವರನ್ನು ಪದೇ ಪದೇ ಮೇಲಕ್ಕೆ ಕರೆಯಬಾರದೆಂಬುದರ ಬಗ್ಗೆ

ಆಳ ನೀರಿನ ಶೋಧ ಘಟಕ, ಹಿಂದೂಪುರ
(ಕಾರ್ಯವ್ಯಾಪ್ತಿ: ಕಲ್ಯಾಣದುರ್ಗವೂ ಸೇರಿದಂತೆ)

ಸಂಖ್ಯೆ: ಆನೀಶೋ/ಮೇಲೆ-ಕೆಳಗೆ/07/2024-25

ಸುತ್ತೋಲೆ

ವಿಷಯ: ಡೈವರ್‌ಗಳನ್ನು ಬಾವಿಯ ಕೊಡದಂತೆ ಇಳಿಸುವುದು ಮತ್ತು ಎತ್ತುವುದರ ನಿಷೇಧ ಕುರಿತು.

ಉಲ್ಲೇಖ: ಶ್ರೀಮತಿ ಎರ್ರಮ್ಮನವರ ಮೌಖಿಕ ಆಕ್ಷೇಪಣೆ (ಕೂಗಿ ಹೇಳಿದ್ದು).

ಕಲ್ಯಾಣದುರ್ಗದ ಹೊರವಲಯದ ಹಳೆಯ ಕಲ್ಲು ಕ್ವಾರಿಯ ಗುಂಡಿಯಲ್ಲಿ ನೀರು ತುಂಬಿದ್ದು, ಪಕ್ಕದ ಕಾಲೋನಿಗೆ ಅಲ್ಲಿಂದಲೇ ನೀರು ಪೂರೈಸಲಾಗುತ್ತಿದೆ. ಕಳೆದ ತಿಂಗಳು ಅದರ ಪಂಪು ಹಗ್ಗ ಕಡಿದು ತಳ ಸೇರಿದ ಕಾರಣ, ಘಟಕದ ಡೈವರ್ ಶ್ರೀ ರುದ್ರೇಶ್ ಅವರನ್ನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೂರು ಅಡಿ ಆಳಕ್ಕೆ ಇಳಿಸಲಾಯಿತು. ಸದರಿಯವರು ಪಂಪಿಗೆ ಹಗ್ಗ ಬಿಗಿದು ಮೇಲೆ ಬಂದರು. ಕೆಲಸ ಅಲ್ಲಿಗೇ ಮುಗಿಯತಕ್ಕದ್ದಾಗಿತ್ತು.

ಆದರೆ ಪಂಪನ್ನು ಕಂಡದ್ದೇ, ಈವರೆಗೆ ಗುಂಡಿಗೆ ಬಿದ್ದದ್ದೆಲ್ಲ ದಡದವರಿಗೆ ನೆನಪಾಯಿತು. ಕಾಲೋನಿಯ ಎರ್ರಮ್ಮನವರ ಹಿತ್ತಾಳೆ ಬಿಂದಿಗೆಗಾಗಿ ಅವರನ್ನು ಮತ್ತೆ ಇಳಿಸಲಾಯಿತು. ಬಳಿಕ ಯಾರದೋ ಮೊಬೈಲಿಗಾಗಿ ಇಳಿಸಲಾಯಿತು. ನಡುವೆ ಅಧಿಕಾರಿಗಳೊಡನೆ ಫೋಟೋ ತೆಗೆಯಲೆಂದು ಅರ್ಧ ದಾರಿಯಿಂದಲೇ ಹಗ್ಗ ಜಗ್ಗಿ ಕರೆಯಲಾಯಿತು. ಫೋಟೋದಲ್ಲಿ ಅಧಿಕಾರಿಯೊಬ್ಬರು ಕಣ್ಣು ಮುಚ್ಚಿದ್ದರಿಂದ ಇನ್ನೊಮ್ಮೆ ಕರೆಯಲಾಯಿತು. ಕಣ್ಣು ಮುಚ್ಚಿದವರು ಯಾರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಹಿಂದೂಪುರದಿಂದ ಆಕ್ಸಿಜನ್ ತರಲು ಹೋಗಿದ್ದ ಡೈವಿಂಗ್ ಮೇಲ್ವಿಚಾರಕಿ ಶ್ರೀಮತಿ ಶೋಭಾರಾಣಿಯವರು ಸ್ಥಳಕ್ಕೆ ಬಂದಾಗ, ಶ್ರೀ ರುದ್ರೇಶ್ ಬಂಡೆಯ ಮೇಲೆ ಕುಳಿತಿದ್ದರು. ಕೊಟ್ಟ ಟೀ ಲೋಟ ಅವರ ಕೈಯಲ್ಲಿ ನಿಲ್ಲಲಿಲ್ಲ.

“ಏನಿಲ್ಲ ಮೇಡಂ, ಮೊಣಕೈ ಒಂಚೂರು ಹಿಡ್ಕೊಂಡದೆ. ಇನ್ನೊಂದ್ಸಲ ಹೋಗ್ಬುಟ್ಟು ಬತ್ತೀನಿ” ಎಂದು ಅವರು ಹೇಳಿಕೆ ನೀಡಿದರು.

ಮೇಲ್ವಿಚಾರಕಿಯವರು ಅವರನ್ನು ಅಲ್ಲೇ ಅಂಗಾತ ಮಲಗಿಸಿ ಆಕ್ಸಿಜನ್ ಹಾಕಿದರು. ಶ್ರೀ ರುದ್ರೇಶ್ ಅವರ ಸನ್ಮಾನಕ್ಕೆ ಪೆನುಕೊಂಡ ಬೆಟ್ಟದ ಮೇಲೆ ಶಾಮಿಯಾನ ಹಾಕಿಸಿರುವುದಾಗಿ ಅಧಿಕಾರಿಗಳು ನೆನಪಿಸಿದಾಗ, ಆಕೆ ಈ ಕೆಳಗಿನಂತೆ ಉತ್ತರಿಸಿದರು: “ಸಾರ್, ಗಮ್ಮುನ ಇರಿ. ಗೋಲಿ ಸೋಡಾ ಗೋಲಿ ಒತ್ತುದ್ರೆ ಗ್ಯಾಸು ಬುಸ್ಸಂತ ಏಳಲ್ವಾ? ಆಳದಾಗೆ ಒತ್ತಡಕ್ಕೆ ಗಾಳಿ ಮೈಯಾಗೆ ಕರಗಿರ್ತದೆ. ನಿಧಾನಕ್ಕೆ ಬಂದ್ರೆ ಉಸ್ರಾಗೆ ಹೋಯ್ತದೆ. ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಕುಣಿಸಿದ್ರೆ ರಕ್ತದಾಗೇ ಗುಳ್ಳೆ ಏಳ್ತದೆ. ಇವನ್ನ ಬೆಟ್ಟ ಹತ್ತಿಸಿದ್ರೆ ಗುಳ್ಳೆ ಇನ್ನೂ ಊದ್ತವೆ.”

ಇದನ್ನು ಕೇಳಿದ ಎರ್ರಮ್ಮನವರು ಬಿಂದಿಗೆಯನ್ನು ಅಧಿಕಾರಿಗಳ ಕಾಲ ಬಳಿ ಕುಕ್ಕಿದರು. “ಇದನ್ನ ನೀವೇ ಇಟ್ಕಳ್ರಪ್ಪ. ನಂಗೆ ಮೊದ್ಲು ಈ ಹುಡುಗನ್ನ ಉಳಿಸಿಕೊಡ್ರಿ” ಎಂದು ಕೂಗಿ, ಕರೆಯದಿದ್ದರೂ ಆಂಬುಲೆನ್ಸ್ ಹತ್ತಿ, ದಾರಿಯುದ್ದಕ್ಕೂ ಶ್ರೀ ರುದ್ರೇಶ್ ಅವರ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಸಮುದ್ರ ತೀರದ ಆಸ್ಪತ್ರೆಯೊಂದರಲ್ಲಿ, ಗಾಳಿಯ ಒತ್ತಡ ಹೆಚ್ಚಿಸಿ ಗುಳ್ಳೆಗಳನ್ನು ಮತ್ತೆ ಕರಗಿಸುವ ಕೋಣೆಯಲ್ಲಿ ಚಿಕಿತ್ಸೆ ನಡೆದು, ಕೈ ಮೊದಲಿನಂತಾಗಿದೆ. ಹೊರಬಂದವರೇ ಶ್ರೀ ರುದ್ರೇಶ್ ಊಟ ಕೇಳಿದರೆಂದೂ, ಎರ್ರಮ್ಮನವರು ಅತ್ತರೆಂದೂ ವರದಿಯಾಗಿದೆ.

ಆದುದರಿಂದ ಸಂಬಂಧಪಟ್ಟ ಸಕಲರಿಗೂ ತಿಳಿಯಪಡಿಸುವುದೇನೆಂದರೆ:

1. ಡೈವರ್ ಮೊದಲು ಅತಿ ಆಳಕ್ಕೆ ಇಳಿದು, ಬಳಿಕ ನಿಧಾನವಾಗಿ ಮೇಲಕ್ಕಷ್ಟೇ ಬರತಕ್ಕದ್ದು. ಮೇಲೆ ಹೊರಟವರನ್ನು ಯಾವ ಲೋಹದ ಪಾತ್ರೆಗಾಗಿಯೂ ಮತ್ತೆ ಕೆಳಗೆ ಕಳುಹಿಸತಕ್ಕದ್ದಲ್ಲ.

2. ಕಳೆದುಹೋದ ವಸ್ತುಗಳನ್ನು ಸಾರ್ವಜನಿಕರು ಡೈವರ್ ಇಳಿಯುವ ಮೊದಲೇ ನೆನಪಿಸಿಕೊಳ್ಳತಕ್ಕದ್ದು. ತಡವಾಗಿ ನೆನಪಾದದ್ದನ್ನು ಮರುದಿನದವರೆಗೆ ಪುನಃ ಮರೆಯತಕ್ಕದ್ದು.

3. ಮೇಲೆ ಬರುವಾಗ ನೀರಿನ ಮೇಲ್ಮೈಗೆ ತುಸು ಕೆಳಗೆ, ಕರಗಿದ ಗಾಳಿ ಉಸಿರಿನಲ್ಲಿ ಹೋಗಲೆಂದು ಡೈವರ್ ಕೆಲ ನಿಮಿಷ ತಡೆದು ನಿಲ್ಲುವುದು ಕರ್ತವ್ಯದ ಭಾಗ. “ಸುಮ್ಮನೆ ನಿಂತವ್ನೆ” ಎಂದು ದೂರುವವರು, ಅಷ್ಟೂ ಹೊತ್ತು ತಾವೂ ಸುಮ್ಮನೆ ನಿಂತಿದ್ದೇಕೆಂದು ಲಿಖಿತ ಸಮಜಾಯಿಷಿ ನೀಡತಕ್ಕದ್ದು.

4. ಫೋಟೋ ಬಯಸುವ ಅಧಿಕಾರಿಗಳು ಡೈವರ್ ಇರುವ ಆಳಕ್ಕೆ ತಾವೇ ಇಳಿಯತಕ್ಕದ್ದು. ಈಜು ಬಾರದಿರುವುದು ವಿನಾಯಿತಿಗೆ ಆಧಾರವಾಗದು. ನೀರಿನೊಳಗೆ ಕಣ್ಣು ಮುಚ್ಚಿದಲ್ಲಿ ಆ ಫೋಟೋವನ್ನೇ ಅಂತಿಮವೆಂದು ಪರಿಗಣಿಸಲಾಗುವುದು.

5. ಸನ್ಮಾನವನ್ನು ಸಮತಟ್ಟಾದ ನೆಲದಲ್ಲೇ ನಡೆಸತಕ್ಕದ್ದು. ಭಾಷಣಕಾರರು ಡೈವರನ್ನು ಹೊಗಳಿ ಆಕಾಶಕ್ಕೇರಿಸುವುದನ್ನೂ ಒಂದು ದಿನದ ಮಟ್ಟಿಗೆ ತಡೆಹಿಡಿಯಲಾಗಿದೆ.

6. ಈ ಸುತ್ತೋಲೆಯ ತೆಲುಗು ಪ್ರತಿ ಪ್ರತ್ಯೇಕವಾಗಿ ಹೊರಟಿದೆ. ಎರಡರಲ್ಲಿ ಅರ್ಥವಾದುದನ್ನು ಪಾಲಿಸಿದರೆ ಸಾಕು.

ಸಹಿ/-
(ಚಂದ್ರಮೋಹನ್)
ಘಟಕಾಧಿಕಾರಿ, ಹಿಂದೂಪುರ

ಪ್ರತಿಗಳು:
1. ಶ್ರೀಮತಿ ಶೋಭಾರಾಣಿ: ಪಾಲನೆ ಮಾಡಿಸಲು. ಅಗತ್ಯಬಿದ್ದಲ್ಲಿ ಗದರಲು ಅಧಿಕಾರ ನೀಡಿದೆ.
2. ಶ್ರೀ ರುದ್ರೇಶ್: ಮಲಗಿಯೇ ಓದಲು.
3. ಕ್ವಾರಿ ಗುಂಡಿಯ ತಳ: ಲ್ಯಾಮಿನೇಷನ್ ಮಾಡಿಸಿ ಅಂಟಿಸಲು. ಓದುವ ನೆಪದಲ್ಲಿ ಯಾರನ್ನೂ ಮತ್ತೆ ಕೆಳಗೆ ಇಳಿಸುವಂತಿಲ್ಲ.