ರತ್ನಾಕರ ರಾಯರು ನಕ್ಷತ್ರ ಅಂಟಿಸಿದ್ದು

"ಕಾಗದ ಮಡಿಚಲಿಕ್ಕೆ ನನಗೇ ಹೇಳಿಕೊಡ್ತೀಯಾ? ಅರ್ಧ ನೋಯ್ಡಾಕ್ಕೆ ಮಸಾಲೆ ದೋಸೆ ಮಡಿಚಿ ಕೊಟ್ಟ ಕೈ ಇದು! ಸರಿ ಆಚೆ!"

ಹೀಗೆ ಗುಡುಗಿ ರತ್ನಾಕರ ರಾಯರು ಮಗಳು ಪ್ರಜ್ಞಾಳ ಕೈಯಿಂದ ಕೆಂಪು ಕಾಗದವನ್ನು ಕಸಿದುಕೊಂಡರು. ಉಡುಪಿ ಕಡೆಯಿಂದ ಬಂದು ನೋಯ್ಡಾದಲ್ಲಿ ಹೋಟೆಲು ನಡೆಸಿ ಗೆದ್ದ ರಾಯರಿಗೆ ಬಾರದ ಕೆಲಸವೇ ಇಲ್ಲ. ಬಾರದ್ದು ಏನಾದರೂ ಇದ್ದರೆ ಅದು ಕೆಲಸವೇ ಅಲ್ಲ!

ವಿಷಯ ಇಷ್ಟೇ. ಎದುರು ಫ್ಲ್ಯಾಟಿನ ಲಿಲ್ಲಿ ಬಾಯಿ ಮಂಗಳೂರಿನವರು, ರಿಟೈರಾದ ನರ್ಸು, ಒಂಟಿ ಜೀವ. ಪ್ರತಿ ಕ್ರಿಸ್‌ಮಸ್ಸಿಗೂ ಕಾಗದ ಮಡಿಚಿ ದೊಡ್ಡದೊಂದು ನಕ್ಷತ್ರ ಮಾಡಿ, ಒಳಗೆ ದೀಪವಿಟ್ಟು ಬಾಲ್ಕನಿಗೆ ಕಟ್ಟುತ್ತಿದ್ದರು. ಪ್ರಜ್ಞಾ ಕಾಗದ ಮಡಿಚಲು ಕಲಿತದ್ದೇ ಅವರ ಪಕ್ಕದಲ್ಲಿ ಕೂತು. ಈ ಸಲ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಅವರ ಬಲಗೈಗೆ ಪ್ಲಾಸ್ಟರ್. "ಈ ವರ್ಷ ನಕ್ಷತ್ರ ಇಲ್ಲ ಮಗಾ" ಎಂದವರು ಮುಖ ಆಚೆ ತಿರುಗಿಸಿಕೊಂಡರಂತೆ. ಹುಡುಗಿ ಅಲ್ಲೇ ಮಾತು ಕೊಟ್ಟುಬಂದಳು.

"ಅಪ್ಪಾ, ನಾನು ಆಂಟಿಗೆ ಪ್ರಾಮಿಸ್ ಮಾಡಿದ್ದೇನೆ. ನಾಳೆ ಶಾಮ್ ಅವರು ಚರ್ಚಿಗೆ ಹೋಗೋ ಮೊದಲು ಸ್ಟಾರ್ ಲಟಕ್‌ನಾ ಹೀ ಚಾಹಿಯೇ!"

"ಲಟಕುತ್ತದೆ, ತೂಗಿಯೇ ತೂಗುತ್ತದೆ! ಅಪ್ಪ ಇನ್ನೂ ಬದುಕಿದ್ದಾನೆ!"

ರಾಯರು ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಮ್ಯಾನೇಜರ್ ದತ್ತಾತ್ರೇಯನಿಗೆ ಒಪ್ಪಿಸಿ ಕಾಗದದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಮೊದಲ ಕಾಗದ ಅವರ ಕೈಯಲ್ಲಿ ಮಸಾಲೆ ದೋಸೆಯಾಯಿತು. ಎರಡನೆಯದು ಚಟ್ನಿ ಕಟ್ಟುವ ಪೊಟ್ಟಣವಾಯಿತು. ಮೂರನೆಯದು ಮತ್ತೂ ಚೆಂದದ ಪೊಟ್ಟಣವಾಯಿತು!

"ಅಪ್ಪಾ, ಯೇ ತೋ ಪಾರ್ಸೆಲ್ ಹೈ!"

"ನಕ್ಷತ್ರದ ಮೊಗ್ಗು ಇದು. ನಿನಗೆ ತಿಳಿಯೋದಿಲ್ಲ."

ಪ್ರಜ್ಞಾ ಅಪ್ಪನ ಬೆರಳು ಹಿಡಿದು ಮಡಿಸುತ್ತಾ ಹೋದಳು. ಸಂಜೆಯ ಹೊತ್ತಿಗೆ ನಕ್ಷತ್ರದ ಮೂಲೆಗಳೆಲ್ಲ ಸಿದ್ಧವಾದವು. ಮಡಿಚಿದವಳು ಮಗಳು, ಬೆವರಿದವರು ಅಪ್ಪ. ಅದೂ ಡಿಸೆಂಬರಿನ ಚಳಿಯಲ್ಲಿ!

ಮುಂದಿನ ಪ್ರಶ್ನೆ ಅಂಟಿನದು. ಅಂಗಡಿಯ ಗಮ್ಮು ತರುತ್ತೇನೆಂದು ಹೊರಟ ಹೆಂಡತಿ ಪ್ರಫುಲ್ಲಮ್ಮನನ್ನು ರಾಯರು ಬಾಗಿಲಲ್ಲೇ ತಡೆದರು.

"ಗಮ್ಮೆಂತಕ್ಕೆ? ನಾನು ಮೈದಾ ಅಂಟು ಕಾಯಿಸ್ತೇನೆ. ನನ್ನ ಅಂಟು ಒಮ್ಮೆ ಹಿಡಿದರೆ ಬರುವ ಕ್ರಿಸ್‌ಮಸ್‌ವರೆಗೂ ಬಿಡೋದಿಲ್ಲ!"

"ಆಯ್ತು ಮಾರಾಯ್ರೆ. ನನ್ನ ಅಡುಗೆಮನೆ ಮಾತ್ರ ಅಂಟಿಸಬೇಡಿ."

ಅಂಟು ಚೆನ್ನಾಗಿಯೇ ಬಂತು. ಆದರೆ ಆ ಚಳಿಗೆ ಬೆಳಗಾಗುವುದರೊಳಗೆ ಕಲ್ಲಾಗುತ್ತದಲ್ಲ! ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ, ಪ್ರಫುಲ್ಲಮ್ಮ ದೋಸೆಹಿಟ್ಟು ಹುಳಿ ಬರಲೆಂದು ಹೀಟರಿನ ಪಕ್ಕದಲ್ಲಿ ಹೊದಿಸಿಟ್ಟಿದ್ದ ಹಳೆಯ ರಜಾಯಿ. ರಾಯರು ತಮ್ಮ ಅಂಟಿನ ಡಬ್ಬವನ್ನೂ ಅದರೊಳಗೆ ತೂರಿಸಿದರು. ಎರಡೂ ಹೋಟೆಲಿನಿಂದ ಬಂದ ಸ್ಟೀಲು ಡಬ್ಬಗಳು, ಒಂದನ್ನು ಮುಚ್ಚಿಟ್ಟು ಒಂದನ್ನು ತೋರಿಸುವಂತಿದ್ದವು. ಅಷ್ಟು ಸಾಲದೆಂಬಂತೆ ರಾಯರ ಮೂಗು ನೆಗಡಿಯಿಂದ ಪೂರ್ತಿ ಕಟ್ಟಿತ್ತು. ಇನ್ನೇನು ಬೇಕು ಹೇಳಿ!

ಮಾರನೆಯ ಬೆಳಿಗ್ಗೆ ಕಿಟಕಿಯಾಚೆ ಬರೀ ಮಂಜು. ರಾಯರು ರಜಾಯಿಯೊಳಗೆ ಕೈಹಾಕಿ ಸಿಕ್ಕ ಡಬ್ಬ ಎಳೆದುಕೊಂಡು ಹಾಲಿಗೆ ನಡೆದರು. ಪ್ರಫುಲ್ಲಮ್ಮ ಅರೆನಿದ್ದೆಯಲ್ಲೇ ಉಳಿದದ್ದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಗಂಟು ಗಂಟಾಗಿದ್ದ ಹಿಟ್ಟು ಕಂಡು, ಚಳಿಗೆ ಹೀಗಾಯಿತೆಂದುಕೊಂಡು, ನೀರೂ ಉಪ್ಪೂ ಹಾಕಿ ಕದಡಿ ಕಾವಲಿಗೆ ಹೊಯ್ದರು.

ಹೊಯ್ದದ್ದು ಏಳಲೇ ಇಲ್ಲ! ಸಟ್ಟುಗ ತಿವಿದರೆ ಕಾವಲಿಯೇ ಮೇಲೆ ಬರುತ್ತಿತ್ತು.

"ಅಯ್ಯೋ ದೇವರೇ, ಕಿರಾಣಿ ಭಯ್ಯಾ ಎಂತಹ ಉದ್ದು ಕೊಟ್ಟ!"

ಹಾಲಿನಿಂದ ರಾಯರ ಉಪನ್ಯಾಸ ಶುರುವಾಯಿತು. "ಉದ್ದಿನದ್ದಲ್ಲ ಪ್ರಫುಲ್ಲಾ, ಕೈಯದ್ದು ತಪ್ಪು! ಕಾವಲಿಯ ಮನಸ್ಸು ಅರಿಯಬೇಕು. ನಮ್ಮ ಹೋಟೆಲಿನಲ್ಲಿ ಒಂದು ದೋಸೆ ಅಂಟಿದ್ದು ಕಂಡಿದ್ದೀಯಾ? ಇಲ್ಲಿ ನೋಡು, ಅಂಟಬೇಕಾದ್ದು ಹೇಗೆ ಅಂಟ್ತಾ ಇದೆ!"

ನಿಜಕ್ಕೂ ಅಂಟುತ್ತಿತ್ತು. ಮೂಲೆಗೆ ಮೂಲೆ ಕೂಡಿ ಮಧ್ಯಾಹ್ನದ ಹೊತ್ತಿಗೆ ಕೆಂಪು ನಕ್ಷತ್ರ ಎದ್ದು ನಿಂತಿತು. ಮನೆಮಂದಿ ಬ್ರೆಡ್ಡು ತಿಂದು ಸುಮ್ಮನಾದರು.

ಸಂಜೆ ಲಿಲ್ಲಿ ಬಾಯಿಯ ಬಾಲ್ಕನಿಯಲ್ಲಿ ನಕ್ಷತ್ರಾರೋಹಣ! ಪ್ರಜ್ಞಾ ಸಣ್ಣ ಎಲ್‌ಇಡಿ ದೀಪ ತಂದಿದ್ದಳು. ರಾಯರು ಒಪ್ಪಬೇಕಲ್ಲ! ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ವಡೆ ಬಿಸಿಯಾಗಿಡಲು ಹಾಕುವ ಹಳೇ ಕಾಲದ ಬಲ್ಬನ್ನೇ ತಂದು ಒಳಗಿಟ್ಟರು. ಸ್ವಿಚ್ಚು ಒತ್ತಿದ್ದೇ ತಡ, ಬಾಲ್ಕನಿಯೆಲ್ಲ ಕೆಂಪಾಯಿತು. ಶಾಲು ಹೊದ್ದು ಕೂತಿದ್ದ ಲಿಲ್ಲಿ ಬಾಯಿಯ ಕಣ್ಣು ತುಂಬಿತು. "ಏನು ಚೆಂದ ಆಗಿದೆ ಮಗಾ" ಎಂದು ಎಡಗೈಯಿಂದ ಪ್ರಜ್ಞಾಳ ತಲೆ ಸವರಿದರು. ರಾಯರು ಎದೆಯುಬ್ಬಿಸಿ ನಿಂತರು.

ಸ್ವಲ್ಪ ಹೊತ್ತಿನಲ್ಲಿ ನಕ್ಷತ್ರವೂ ಎದೆಯುಬ್ಬಿಸತೊಡಗಿತು! ಮೊದಲು ಒಂದು ಮೂಲೆ ಊದಿಕೊಂಡಿತು, ಆಮೇಲೆ ಇನ್ನೊಂದು. ಮಡಿಕೆಗಳ ಸಂದಿಯಿಂದ ಬಿಳಿ ನೊರೆ ಇಣುಕಿತು. ಬೆಚ್ಚಗೆ ಹುಳಿ ಹುಳಿ ವಾಸನೆ ಹಬ್ಬಿತು.

"ಯಾರ ಮನೆಯಲ್ಲೋ ದೋಸೆ" ಎಂದರು ಲಿಲ್ಲಿ ಬಾಯಿ.

ಪ್ರಫುಲ್ಲಮ್ಮ ಮೂಗರಳಿಸಿದರು. ನಕ್ಷತ್ರದ ಹತ್ತಿರ ಹೋಗಿ ನೊರೆಗೆ ಬೆರಳು ತಾಗಿಸಿ ನಾಲಿಗೆಗೆ ಹಚ್ಚಿ ನೋಡಿದರು.

"ನನ್ನ ಹಿಟ್ಟು!" ಎಂದರು. ತಡೆದು, ಗಂಡನ ಕಡೆ ತಿರುಗಿ, "ಹಾಗಾದರೆ ಬೆಳಿಗ್ಗೆ ನಾನು ಕಾವಲಿಗೆ ಹೊಯ್ದದ್ದು ಎಂತ ಮಾರಾಯ್ರೆ?"

ರಾಯರು ಆಕಾಶ ನೋಡಿದರು. ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ.

ಪ್ರಜ್ಞಾಳ ಮುಖ ಬಾಡಿಹೋಯಿತು. "ಸಾರಿ ಆಂಟಿ... ಸಬ್ ಖರಾಬ್ ಹೋ ಗಯಾ. ನಾನು ಪ್ರಾಮಿಸ್ ಮಾಡಿದ್ದೆ..." ಎನ್ನುತ್ತಾ ಅಳತೊಡಗಿದಳು.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ, ಮಂಕಿ ಟೋಪಿ ತೊಟ್ಟ ಮೂವರು ಹಿರಿಯರು, ಕೆಳಗೆ ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತಿದ್ದವರು, ಸಾಲಾಗಿ ನಿಂತಿದ್ದಾರೆ.

"ಭಾಯಿಸಾಬ್, ಡೋಸಾ ಬನ್ ರಹಾ ಹೈ ಕ್ಯಾ? ನೀಚೇ ತಕ್ ಖುಶ್‌ಬೂ ಆ ರಹೀ ಹೈ! ಸ್ಟಾರ್ ದೇಖ್‌ಕರ್ ಊಪರ್ ಚಲೇ ಆಯೇ."

ದೋಸೆಯ ಘಮ ಹಿಡಿದು, ನಕ್ಷತ್ರ ನೋಡಿ ಮೇಲೆ ಬಂದ ಆ ಮೂವರನ್ನು ಲಿಲ್ಲಿ ಬಾಯಿ ನೋಡಿದರು, ಊದಿಕೊಂಡ ನಕ್ಷತ್ರವನ್ನು ನೋಡಿದರು. ಪ್ಲಾಸ್ಟರಿನ ಕೈ ಕುಲುಕುವಂತೆ ನಗತೊಡಗಿದರು. ಬಿದ್ದ ದಿನದಿಂದ ಅವರು ನಕ್ಕದ್ದೇ ಇರಲಿಲ್ಲ.

"ಅಳಬೇಡ ಮಗಾ! ಯೇಸು ಹುಟ್ಟಿದಾಗ ಬೆತ್ಲೆಹೇಮಿಗೂ ನಕ್ಷತ್ರ ನೋಡಿಕೊಂಡೇ ಮೂವರು ಜ್ಞಾನಿಗಳು ಬಂದದ್ದು. ನನ್ನ ನಕ್ಷತ್ರಕ್ಕೆ ಇಷ್ಟು ವರ್ಷ ಒಬ್ಬರಾದರೂ ಬಂದಿದ್ದರಾ? ಇದು ಇಲ್ಲೇ ಇರಲಿ, ತೆಗೆಯೋದು ಬೇಡ. ರಾಯರೇ, ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬೇಡಿ!"

ಪ್ರಜ್ಞಾ ಕಣ್ಣೊರೆಸಿಕೊಂಡು ನಕ್ಕಳು. ರಾಯರಿಗೆ ಹೋದ ಜೀವ ಬಂತು. ಹೋಟೆಲಿನವನ ಮುಂದೆ ದೋಸೆ ಕೇಳಿದ್ದಾರೆ! ಸೀದಾ ಮನೆಗೆ ನುಗ್ಗಿ, "ಅಂಟಿನ" ಡಬ್ಬದಲ್ಲಿ ಉಳಿದಿದ್ದ ಅರ್ಧ ಹಿಟ್ಟಿಗೆ ಉಪ್ಪು ಬೆರೆಸಿ, ಪಂಚೆ ಎತ್ತಿ ಕಟ್ಟಿ, ಒಲೆಯ ಮುಂದೆ ನಿಂತರು. ಅಡುಗೆಮನೆಯ ಬಾಗಿಲಲ್ಲಿ ಮೂವರು ಹಿರಿಯರು ತಟ್ಟೆ ಹಿಡಿದು ನಿಂತರು. ಅವರ ಹಿಂದೆ ಲಿಲ್ಲಿ ಬಾಯಿ.

"ದೇಖಿಯೇ, ಅಸಲೀ ಉಡುಪಿ ಹಾಥ್!" ಎಂದು ಘೋಷಿಸಿ ರಾಯರು ಹಿಟ್ಟು ಹೊಯ್ದು, ವೃತ್ತ ಎಳೆದು, ತುಪ್ಪ ಬಿಟ್ಟು, ಸಟ್ಟುಗ ತೂರಿಸಿದರು.

ದೋಸೆ ಏಳಲಿಲ್ಲ. ಇನ್ನೊಮ್ಮೆ ತೂರಿಸಿದರು. ಕಾವಲಿಯೇ ಎದ್ದು ಬಂತು!

ಪ್ರಫುಲ್ಲಮ್ಮ ಪಕ್ಕಕ್ಕೆ ಬಂದು ಇಣುಕಿ ನೋಡಿ, ಬೆಳಿಗ್ಗೆಯಿಂದ ತಾವು ಉಜ್ಜಿ ಉಜ್ಜಿ ಸೋತಿದ್ದ ಕಾವಲಿಯನ್ನು ಗಂಡನ ಮುಂದೆ ಎತ್ತಿ ಹಿಡಿದರು.

"ನೀವು ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ನಿಮ್ಮ ಮೈದಾ ಅಂಟು ಬರುವ ಕ್ರಿಸ್‌ಮಸ್‌ವರೆಗೂ ಬಿಡೋದಿಲ್ಲ!"